ಮಳೆಗಾಲದಲ್ಲಿ ನೃತ್ಯದ ಶೂ ಮತ್ತು ಗೆಜ್ಜೆ: ಮಲೆನಾಡಿನವರಿಗೊಂದು ಮಾರ್ಗದರ್ಶಿ

ನೃತ್ಯದ ಶೂಗಳು ಕೊಳೆಯಿಂದ ಹಾಳಾಗುವುದು ಕಡಿಮೆ, ತೇವದಿಂದ ಹಾಳಾಗುವುದೇ ಹೆಚ್ಚು. ಕಡೂರು, ಅರಸೀಕೆರೆಯ ಕಡೆಯವರಿಗೆ ಈ ಮಾತು ಅಷ್ಟಾಗಿ ನಾಟದಿರಬಹುದು. ಅಲ್ಲಿಯದು ದೂಳಿನ ಸಮಸ್ಯೆ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಊರುಗಳಲ್ಲಿ ಬೆವರಿನಿಂದ ನೆನೆದ ಶೂ ಜೋಡಿಯನ್ನು ಚೀಲದೊಳಗೆ ತುರುಕಿ ಮುಂದಿನ ಭಾನುವಾರದವರೆಗೆ ಮರೆತರೆ ಏನಾಗುತ್ತದೆ ಎಂಬುದನ್ನು ಮಕ್ಕಳನ್ನು ನೃತ್ಯದ ತರಗತಿಗೆ ಕಳಿಸುವ ಎಲ್ಲ ಮನೆಯವರೂ ಬಲ್ಲರು. ಒಣ ಹವೆಯ ಊರುಗಳವರಿಗಾಗಿ ಬರೆದ ಸಲಹೆಗಳು ತೊಳೆಯುವ ವಿಧಾನದಿಂದ ಶುರುವಾಗುತ್ತವೆ. ನಮ್ಮಲ್ಲಿ ಶುರು ಮಾಡಬೇಕಾದದ್ದು ಒಣಗಿಸುವುದರಿಂದ. ಚೆನ್ನಾಗಿ ಒಣಗಿಸುವ ಅಭ್ಯಾಸವಿದ್ದರೆ ತೊಳೆಯುವ ಕೆಲಸವೇ ಅರ್ಧಕ್ಕರ್ಧ ಇಳಿಯುತ್ತದೆ.

ಒಂದು ಗಂಟೆ ಕುಣಿದ ಕಾಲು ಸಾಕಷ್ಟು ಬೆವರನ್ನು ಶೂ ಒಳಗೆ ಬಿಡುತ್ತದೆ. ಬೆವರಿನ ನೀರು ಆರಿದರೂ ಅದರಲ್ಲಿದ್ದ ಉಪ್ಪು ಚರ್ಮದಲ್ಲೇ ಉಳಿದು ಅದನ್ನು ಬಿರುಸಾಗಿಸುತ್ತದೆ. ಒಳಗೆ ತೇವ ನಿಂತರೆ ಅಟ್ಟೆ ಅಂಟಿಸಿದ ಗೋಂದು ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ ಬೆಳೆದು ನಾತ ಹುಟ್ಟುತ್ತದೆ, ಅದರ ಹಿಂದೆಯೇ ಬೂಷ್ಟು ಬರುತ್ತದೆ. ಮೇಲಿನಿಂದ ಹೊಳೆಯುವ ಶೂ ಒಳಗೊಳಗೇ ಸಾಯುವುದು ಹೀಗೆ.

ತರಗತಿ ಮುಗಿದ ಕೂಡಲೇ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವುದಾದರೆ ಇದನ್ನು ಓದಿ.

1. ಶೂ ಬಿಚ್ಚುವಾಗ ಲೇಸು ಅಥವಾ ಬಕಲ್ ಪೂರ್ತಿ ಸಡಿಲಿಸಿ. ಹಿಮ್ಮಡಿಯನ್ನು ಇನ್ನೊಂದು ಕಾಲಿನಿಂದ ತುಳಿದು ಕಳಚಿದರೆ ಶೂವಿನ ಹಿಂಬದಿ ಮುರಿದು ಹೋಗುತ್ತದೆ. ಮಕ್ಕಳು ಇದನ್ನು ಮಾಡಿಯೇ ಮಾಡುತ್ತಾರೆ, ಬಿಡದೆ ತಿದ್ದಿ.

2. ಒಣಗಿದ ಹತ್ತಿಬಟ್ಟೆಯಿಂದ ಮೊದಲು ಒಳಭಾಗವನ್ನು, ಆಮೇಲೆ ಹೊರಭಾಗವನ್ನು ಒರೆಸಿ. ಹಳೆಯ ಬನಿಯನ್ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಅದನ್ನು ಶೂ ಚೀಲದಲ್ಲೇ ಇಟ್ಟಿರಿ.

3. ಒಳಹಾಸು ತೆಗೆಯಲು ಬರುವಂಥದ್ದಾದರೆ ತೆಗೆದು ಬೇರೆಯಾಗಿ ತನ್ನಿ. ಬೆವರಿನ ಬಹುಪಾಲು ಅದರಲ್ಲೇ ಇರುತ್ತದೆ.

4. ಮನೆಗೆ ತರುವಾಗ ಬಟ್ಟೆಯ ಚೀಲದಲ್ಲಿ ತನ್ನಿ. ಮಳೆ ಜೋರಾಗಿದ್ದರೆ ಅದರ ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ, ಆದರೆ ಹೊಸ್ತಿಲು ದಾಟಿದ ಕೂಡಲೇ ಅದನ್ನು ತೆಗೆಯಿರಿ. ಕೈಕಾಲು ತೊಳೆದು ಕಾಫಿ ಕುಡಿಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

5. ಶೂ ಒಳಗೆ ಕಾಗದದ ಉಂಡೆ ತುಂಬಿ, ಬಾಯಿ ತೆರೆದು, ಫ್ಯಾನಿನ ಗಾಳಿ ತಗಲುವ ಕಡೆ ಇಡಿ. ಎರಡು ಗಂಟೆಯ ಮೇಲೆ ಕಾಗದ ಬದಲಿಸಿ. ನೀರು ಹೀರಿದ ಕಾಗದವನ್ನು ಬೆಳಗಿನವರೆಗೆ ಒಳಗೇ ಬಿಟ್ಟರೆ ಶೂಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗಾಗುತ್ತದೆ. ಹಳೆಯ ದಿನಪತ್ರಿಕೆ ಸಾಕು. ಆದರೆ ಬಿಳಿ ಬಟ್ಟೆಯ ಅಥವಾ ಸ್ಯಾಟಿನ್ ಶೂಗಳಿಗೆ ಮಾತ್ರ ಮುದ್ರಣವಿಲ್ಲದ ಕಾಗದ ಬೇಕು, ಇಲ್ಲವಾದರೆ ಶಾಯಿ ಹಿಡಿಯುತ್ತದೆ.

ವಾರದಲ್ಲಿ ಮೂರು ನಾಲ್ಕು ದಿನ ತರಗತಿ ಇರುವವರು ಎರಡು ಜೋಡಿ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಒಳ್ಳೆಯದು. ದುಬಾರಿ ಅನ್ನಿಸಬಹುದು. ಆದರೆ ಪೂರ್ತಿ ಒಣಗಲು ಬಿಡುವು ಸಿಕ್ಕ ಎರಡು ಜೋಡಿಗಳು, ಬಿಡುವಿಲ್ಲದೆ ಒಂದಾದ ಮೇಲೊಂದರಂತೆ ಕೊಂಡ ಎರಡು ಜೋಡಿಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.

ಹಂಡೆ ಒಲೆಯ ಆಸೆ ಬೇಡ

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಬಟ್ಟೆ ಒಣಗುವುದೇ ಬಚ್ಚಲ ಒಲೆಯ ಮೇಲ್ಗಡೆಯ ಹಗ್ಗದಲ್ಲಿ. ಕಾಲುಚೀಲ ಒಣಗಿದ ಜಾಗದಲ್ಲಿ ಶೂ ಕೂಡ ಒಣಗಲಿ ಅನ್ನಿಸುವುದು ಸಹಜ. ದಯವಿಟ್ಟು ಬೇಡ. ಒಲೆಯ ಕಾವಿಗೆ ಚರ್ಮದಲ್ಲಿರುವ ಎಣ್ಣೆಯ ಅಂಶ ಆರಿ ಅದು ಹಪ್ಪಳದಂತೆ ಬಿರಿಯುತ್ತದೆ, ಅಟ್ಟೆಯ ಗೋಂದು ಮೆತ್ತಗಾಗಿ ಬಿಡುತ್ತದೆ. ಹೊಗೆಯ ವಾಸನೆ ಒಮ್ಮೆ ಹಿಡಿದರೆ ಹೋಗುವುದು ಕಷ್ಟ. ಹೇರ್ ಡ್ರೈಯರ್‌ನ ಬಿಸಿ ಗಾಳಿಗೂ ಇದೇ ಮಾತು. ತಣ್ಣನೆಯ ಗಾಳಿ ಬಿಡುವ ಸೌಲಭ್ಯ ಇದ್ದರೆ ಅದನ್ನು ಬಳಸಬಹುದು. ಮಳೆ ಬಿಟ್ಟು ಸುಡುಬಿಸಿಲು ಬಂತೆಂದು ಅಂಗಳದಲ್ಲಿ ಇಡೀ ದಿನ ಇಡುವುದೂ ಸರಿಯಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಗಾಳಿಯಾಡುವ ನೆರಳಿಗೆ ತನ್ನಿ.

ಅಟ್ಟೆ ನೋಡಿ ಕೈ ಹಾಕಿ

ನೃತ್ಯದ ಶೂ ಎಂದರೆ ಒಂದೇ ಜಾತಿಯಲ್ಲ. ನಮ್ಮಲ್ಲಿ ಹೆಚ್ಚಿನ ಮಕ್ಕಳು ಹಿಪ್‌ಹಾಪ್, ಚಲನಚಿತ್ರ ನೃತ್ಯಗಳಿಗೆ ಹಾಕುವುದು ಸ್ನೀಕರ್ಸ್. ಸಾಲ್ಸಾ, ಬಾಲ್‌ರೂಮ್ ಕಲಿಯುವವರ ಶೂಗಳಿಗೆ ಸ್ವೇಡ್ ಅಟ್ಟೆ ಇರುತ್ತದೆ. ಜಾಝ್ ಶೂ ತೆಳು ಚರ್ಮದ್ದು, ಬ್ಯಾಲೆ ಶೂ ಕ್ಯಾನ್ವಾಸ್, ಚರ್ಮ ಅಥವಾ ಸ್ಯಾಟಿನ್‌ನದ್ದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ಶೂ ತಿರುಗಿಸಿ ಅಟ್ಟೆ ಯಾವುದೆಂದು ನೋಡಿದ ಮೇಲೆಯೇ ನೀರು ಮುಟ್ಟಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸ್ವೇಡ್ ಅಟ್ಟೆ. ಸ್ವೇಡ್ ಎಂದರೆ ಚರ್ಮದ ಒಳಮೈ, ಸಣ್ಣ ಸಣ್ಣ ಎಳೆಗಳೆದ್ದ ಮೆತ್ತನೆಯ ಮೇಲ್ಮೈ. ಕುಣಿಯುವವರಿಗೆ ಬೇಕಾದಷ್ಟು ಜಾರಿಕೆ, ಬೇಕಾದಷ್ಟು ಹಿಡಿತ ಎರಡನ್ನೂ ಕೊಡುವುದು ಆ ಎಳೆಗಳೇ. ಹೊಸ ಅಟ್ಟೆಯ ಮೇಲೆ ಬೆರಳಾಡಿಸಿದರೆ ಬೆರಳು ಹೋದ ದಾರಿ ಗುರುತಾಗಿ ಉಳಿಯುತ್ತದೆ. ಕೆಲವು ವಾರ ಕುಣಿದ ಮೇಲೆ ಅದೇ ಅಟ್ಟೆಯನ್ನು ಬೆಳಕಿಗೆ ಹಿಡಿಯಿರಿ: ಉಂಗುಷ್ಠದ ಬುಡ ಊರುವ ಜಾಗದಲ್ಲಿ ನಾಣ್ಯದಗಲ ಕಪ್ಪಗೆ ಹೊಳೆಯುತ್ತಿರುತ್ತದೆ. ದೂಳು, ಬೆವರು, ನೆಲದ ಮೇಣ ಸೇರಿ ಎಳೆಗಳು ಚಪ್ಪಟೆಯಾದ ಗುರುತು ಅದು. ತಿರುಗುವಾಗ ಕಾಲು ಜಾರಿ ಬೀಳುವುದು ಆ ಹೊಳಪಿನಿಂದಲೇ. ಹಳೆಯ ಮನೆಗಳ ಕಾವಿ ನೆಲದ ಮೇಲೆ ಅಭ್ಯಾಸ ಮಾಡುವವರಿಗೆ ಇದು ಬೇಗ ಬರುತ್ತದೆ, ಏಕೆಂದರೆ ಆ ನೆಲಕ್ಕೆ ಹೊಳಪಿಗಾಗಿ ತಿಕ್ಕಿದ ಮೇಣವೆಲ್ಲ ಅಟ್ಟೆಗೆ ಹತ್ತುತ್ತದೆ.

ಇದಕ್ಕೆ ಪರಿಹಾರ ತಂತಿಯ ಬ್ರಷ್. ಸ್ವೇಡ್‌ಗೆಂದೇ ಸಣ್ಣ ಬ್ರಷ್‌ಗಳು ಸಿಗುತ್ತವೆ, ತರಿಸಿಕೊಳ್ಳಿ. ಕಬ್ಬಿಣದ ತುಕ್ಕು ಉಜ್ಜುವ ಒರಟು ಬ್ರಷ್ ಬೇಡ. ಶೂ ಪೂರ್ತಿ ಒಣಗಿರಬೇಕು, ಇದು ಮುಖ್ಯ. ಜಗಲಿಗೋ ಹಿತ್ತಲಿಗೋ ಹೋಗಿ, ಒಂದು ಕೈಯಲ್ಲಿ ಶೂ ಗಟ್ಟಿಯಾಗಿ ಹಿಡಿದು, ಹೊಳಪು ಬಂದ ಜಾಗವನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ಬೂದು ಪುಡಿ ಉದುರುತ್ತದೆ, ನಿಧಾನಕ್ಕೆ ಬಣ್ಣ ತಿಳಿಯಾಗಿ ಎಳೆಗಳು ಮೇಲೇಳುತ್ತವೆ. ಅಲ್ಲಿಗೆ ನಿಲ್ಲಿಸಿ. ಶ್ರದ್ಧೆ ಹೆಚ್ಚಾಗಿ ಗಟ್ಟಿಯಾಗಿ ತಿಕ್ಕಿದರೆ ಎಳೆಗಳೇ ಉದುರಿ ಅಟ್ಟೆ ತೆಳುವಾಗುತ್ತದೆ. ಪ್ರತಿ ಬಾರಿಯೂ ಉಜ್ಜಬೇಕಾಗಿಲ್ಲ, ಹಿಡಿತ ಕಡಿಮೆಯಾಯಿತು ಅನ್ನಿಸಿದಾಗ ಸಾಕು.

ಸ್ವೇಡ್ ಅಟ್ಟೆಯ ಶೂ ಹಾಕಿಕೊಂಡು ರಸ್ತೆಗೆ ಕಾಲಿಡಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲೋ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲೋ ಕಾರ್ಯಕ್ರಮವಿದ್ದರೆ ಮನೆಯಿಂದಲೇ ವೇಷ ಹಾಕಿಕೊಂಡು ಹೊರಡುವುದು ವಾಡಿಕೆ. ವೇಷ ಇರಲಿ, ಶೂ ಮಾತ್ರ ಚೀಲದಲ್ಲಿರಲಿ. ಆಟೊ ಇಳಿದು ಬಾಗಿಲವರೆಗಿನ ಹತ್ತು ಹೆಜ್ಜೆ ಒದ್ದೆ ಸಿಮೆಂಟು ಸಾಕು ಅಟ್ಟೆ ಕೆಡಲು. ರಂಗದ ಪಕ್ಕದಲ್ಲಿ ಕೂತು ಹಾಕಿಕೊಳ್ಳಲಿ, ಶೌಚಾಲಯಕ್ಕೆ ಹೋಗುವಾಗ ಚಪ್ಪಲಿಗೆ ಬದಲಾಯಿಸಲಿ.

ಸ್ನೀಕರ್ಸ್ ತೊಳೆಯುವುದು

ಇವು ನೀರನ್ನು ತಾಳುತ್ತವೆ. ಹಾಗೆಂದು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಅದರೊಳಗಿನ ಹೊಡೆತಕ್ಕೆ ಗೋಂದಿನ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ತೊಳೆಯುವುದಾದರೆ ಮುಂದಿನ ಎರಡು ದಿನ ತರಗತಿ ಇಲ್ಲದ್ದನ್ನು ನೋಡಿಕೊಂಡು ತೊಳೆಯಿರಿ.

ಲೇಸು, ಒಳಹಾಸು ಬಿಚ್ಚಿ. ಅಂಟಿದ ಮಣ್ಣನ್ನು ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿದ ಮೇಲೆ ಮಣ್ಣು ಉಜ್ಜಿದರೆ ನಮ್ಮ ಕೆಮ್ಮಣ್ಣು ಬಟ್ಟೆಯ ನೂಲಿನೊಳಗೆ ಹೊಕ್ಕು ಕುಳಿತುಬಿಡುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಅಥವಾ ಶಾಂಪೂ ನಾಲ್ಕು ಹನಿ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನೊರೆ ಹಚ್ಚಿ ತಿಕ್ಕಿ. ಶೂ ಮುಳುಗಿಸಿ ನೆನೆಹಾಕುವುದು ಬೇಡ. ಬ್ಲೀಚಿಂಗ್ ಪುಡಿ ಬೇಡವೇ ಬೇಡ. ಅದು ಬಟ್ಟೆಯನ್ನು ಜಾಳು ಮಾಡುತ್ತದೆ, ಕೆಲವು ಕೃತಕ ನೂಲುಗಳನ್ನು ಇನ್ನಷ್ಟು ಹಳದಿಯಾಗಿಸುತ್ತದೆ. ಒದ್ದೆ ಬಟ್ಟೆಯಿಂದ ಸೋಪು ಪೂರ್ತಿ ಹೋಗುವವರೆಗೆ ಒರೆಸಿ. ಬಿಳಿ ಶೂ ಒಣಗಿದ ಮೇಲೆ ಹಳದಿ ಕಲೆ ಕಾಣಿಸುವುದಕ್ಕೆ ಒಂದು ಮುಖ್ಯ ಕಾರಣ ಒಳಗುಳಿದ ಸೋಪಿನ ಅಂಶ. ಒಣಗಿಸುವಾಗ ಮೇಲೆ ಬಿಳಿ ಟಿಶ್ಯೂ ಕಾಗದ ಸುತ್ತಿಟ್ಟರೆ ಕಲೆ ಶೂ ಬಿಟ್ಟು ಕಾಗದಕ್ಕೆ ಬರುತ್ತದೆ.

ಅಟ್ಟೆಯ ಗೆರೆಗಳಲ್ಲಿ ಸಿಕ್ಕಿದ ಕಲ್ಲು, ಮರಳನ್ನು ಬೆಂಕಿಕಡ್ಡಿಯಿಂದ ತೆಗೆಯಿರಿ. ತರಗತಿಯ ಮರದ ನೆಲವನ್ನು ಗೀರುವುದು ಅವೇ. ಇದೇ ಕಾರಣಕ್ಕೆ ಶಾಲೆಗೆ ಹಾಕುವ ಶೂ ಬೇರೆ, ಕುಣಿಯುವ ಶೂ ಬೇರೆ ಇರಲಿ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಜಾಝ್ ಶೂವಿನ ತೆಳು ಚರ್ಮವನ್ನು ಹಿಂಡಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಲೆದರ್ ಕ್ರೀಮ್ ತೆಳುವಾಗಿ ಸವರಿ. ಟ್ಯಾಪ್ ಶೂವಿನ ಲೋಹದ ತಗಡು ಒದ್ದೆಯಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ, ತಿರುಪುಗಳು ಸಡಿಲವಾಗಿವೆಯೇ ನೋಡಿ. ಕ್ಯಾನ್ವಾಸ್ ಬ್ಯಾಲೆ ಶೂಗಳನ್ನು ತಣ್ಣೀರಿನಲ್ಲಿ ಕೈಯಿಂದ ಒಗೆಯಬಹುದು, ಚರ್ಮದವನ್ನು ಒಗೆಯಬಾರದು. ಪಾಯಿಂಟ್ ಶೂಗೆ ಮಾತ್ರ ನೀರು ಶತ್ರು. ಬೆರಳ ತುದಿಯ ಮೇಲೆ ನಿಲ್ಲಲು ಆಧಾರವಾಗುವ ಅದರ ಮುಂಭಾಗ ಬಟ್ಟೆ, ಕಾಗದ ಮತ್ತು ಅಂಟನ್ನು ಪದರ ಪದರವಾಗಿ ಸೇರಿಸಿ ಮಾಡಿದ್ದು. ಬೆವರಿಗೇ ಅದು ಮೆತ್ತಗಾಗುತ್ತದೆ, ಇನ್ನು ತೊಳೆದರೆ ಉಳಿಯುವುದೇನು? ಸ್ಯಾಟಿನ್ ಮೇಲೆ ಕಲೆಯಾದರೆ ಆ ಜಾಗವನ್ನಷ್ಟೇ ತೇವದ ಬಟ್ಟೆಯಿಂದ ಒತ್ತಿ ತೆಗೆಯಿರಿ.

ಬೂಷ್ಟು ಬಂದೇ ಬಿಟ್ಟರೆ

ಶೂವಿನ ಮೇಲೆ ಬಿಳಿಯ ಅಥವಾ ಹಸಿರು ಛಾಯೆಯ ಪುಡಿ ಕಂಡರೆ ಮನೆಯೊಳಗೆ ಕೊಡವಬೇಡಿ. ಅದರ ಕಣಗಳು ಹಾರಿ ಪಕ್ಕದ ಶೂಗಳಿಗೂ ಬಟ್ಟೆಗಳಿಗೂ ಹರಡುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಹೋಗಿ ಬ್ರಷ್ ಮಾಡಿ. ದಮ್ಮು, ಅಲರ್ಜಿ ಇರುವ ಮಕ್ಕಳನ್ನು ಹತ್ತಿರ ಬಿಡಬೇಡಿ. ಚರ್ಮ ಅಥವಾ ಕ್ಯಾನ್ವಾಸ್ ಆಗಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಒಳಗೂ ಹೊರಗೂ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ. ಬಳಿಕ ಬರಿಯ ನೀರಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಒಳಹಾಸಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ಉಳಿಸುವ ಗೊಡವೆ ಬೇಡ, ಹೊಸದು ಹಾಕಿ. ಕಾಲಿನ ಬೆರಳ ಸಂದಿಯಲ್ಲಿ ತುರಿಕೆ, ಸಿಪ್ಪೆ ಏಳುವುದು ಇದ್ದರೆ ಶೂ ಶುಚಿ ಮಾಡಿದರಷ್ಟೇ ಸಾಲದು, ವೈದ್ಯರಿಗೆ ತೋರಿಸಿ. ಒಬ್ಬರ ಶೂ ಇನ್ನೊಬ್ಬರು ಹಾಕಬಾರದು ಎನ್ನುವುದೂ ಇದೇ ಕಾರಣಕ್ಕೆ.

ವಾಸನೆಗೆ ಮನೆಮದ್ದುಗಳು ಹಲವು. ಅಡುಗೆ ಸೋಡಾ ಒಳ್ಳೆಯದೇ, ಆದರೆ ಚರ್ಮದ ಮೇಲೆ ನೇರವಾಗಿ ಉದುರಿಸಬೇಡಿ, ಒಣಗಿಸಿ ಬಿರುಸು ಮಾಡುತ್ತದೆ. ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ಒಳಗಿಟ್ಟು ಬೆಳಿಗ್ಗೆ ತೆಗೆಯಿರಿ. ಇದ್ದಿಲಿನ ಚೂರುಗಳನ್ನೂ ಹೀಗೆಯೇ ಕಟ್ಟಿಡಬಹುದು. ಕಾಫಿ ನಾಡಿನವರಾದ ನಮಗೆ ಶೂ ಒಳಗೆ ಕಾಫಿ ಪುಡಿ ಇಡುವ ಆಲೋಚನೆ ಬೇಗ ಹೊಳೆಯುತ್ತದೆ. ಫಿಲ್ಟರ್‌ನಿಂದ ತೆಗೆದ ಗಸಿಯನ್ನಂತೂ ಹತ್ತಿರ ತರಬೇಡಿ. ಅದು ತಾನೇ ಒದ್ದೆ, ಎರಡು ದಿನಕ್ಕೆ ಅದರಲ್ಲೇ ಬೂಷ್ಟು ಹುಟ್ಟುತ್ತದೆ. ಕೊಬ್ಬರಿ ಎಣ್ಣೆಯೂ ಅಷ್ಟೆ. ಚರ್ಮ ಮೆತ್ತಗಾಗಲೆಂದು ಹಚ್ಚಿದ ಎಣ್ಣೆ ದಿನ ಕಳೆದಂತೆ ಕಮಟು ವಾಸನೆ ಹೊಡೆಯುತ್ತದೆ, ದೂಳು ಹಿಡಿಯುತ್ತದೆ. ಅಟ್ಟೆಗೆ ಸೋಕಿದರೆ ಕುಣಿಯುವವರ ಸೊಂಟಕ್ಕೇ ಅಪಾಯ.

ಗೆಜ್ಜೆಯ ಆರೈಕೆ

ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ನೆಲದಲ್ಲಿ ನೃತ್ಯಕ್ಕೆ ಶೂ ಬಂದದ್ದು ತೀರ ಇತ್ತೀಚೆಗೆ. ಕಾಲಿಗೆ ಕಟ್ಟುವ ಗೆಜ್ಜೆಯೇ ಇಲ್ಲಿ ಮೊದಲಿನಿಂದ ಬಂದದ್ದು. ಶನಿವಾರ ಭರತನಾಟ್ಯ, ಭಾನುವಾರ ಹಿಪ್‌ಹಾಪ್ ಕಲಿಯುವ ಮಕ್ಕಳು ಈಗ ಮನೆಮನೆಯಲ್ಲಿದ್ದಾರೆ. ಶೂಗೆ ಮಾಡುವ ಆರೈಕೆ ಗೆಜ್ಜೆಗೆ ಸಿಗದಿರುವುದನ್ನು ನೋಡಿದಾಗ ನಿಜಕ್ಕೂ ನೋವಾಗುತ್ತದೆ.

ಗೆಜ್ಜೆ ಎರಡು ಬಗೆಯ ವಸ್ತು ಸೇರಿ ಆದದ್ದು ಎಂಬುದನ್ನು ನೆನಪಿಡಿ. ಹಿತ್ತಾಳೆ ಅಥವಾ ಕಂಚಿನ ಗೆಜ್ಜೆಗಳು ಒಂದು ಕಡೆ, ಅವುಗಳನ್ನು ಹೊಲಿದ ಚರ್ಮದ ಅಥವಾ ಮಖಮಲ್ಲಿನ ಪಟ್ಟಿ ಇನ್ನೊಂದು ಕಡೆ. ಲೋಹಕ್ಕೆ ಒಗ್ಗುವ ಹುಣಸೆಹಣ್ಣು ಪಟ್ಟಿಗೆ ಒಗ್ಗದು. ಬೆವರು ಮತ್ತು ತೇವ ಸೇರಿದಾಗ ಲೋಹಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಸೂಕ್ಷ್ಮವಾಗಿ ನೋಡಿದರೆ ಅದು ಶುರುವಾಗುವುದು ಗೆಜ್ಜೆ ಪಟ್ಟಿಗೆ ತಾಗುವ ಬುಡದಲ್ಲಿ, ಬಟ್ಟೆ ಹೋಗಲಾರದ ಸಂದಿಯಲ್ಲಿ. ಒಳಗಿರುವ ಗುಂಡು ಕಬ್ಬಿಣದ್ದಾಗಿದ್ದರೆ ಅದಕ್ಕೆ ತುಕ್ಕು ಹಿಡಿದು ನಾದವೇ ಮಂಕಾಗುತ್ತದೆ. ಆದ್ದರಿಂದ ಪಟ್ಟಿ ಸಹಿತ ಗೆಜ್ಜೆಯನ್ನು ನೀರಿನಲ್ಲಿ ಮುಳುಗಿಸುವುದು, ಪಾತ್ರೆಯಂತೆ ತಿಕ್ಕುವುದು ಎರಡೂ ತಪ್ಪು.

ಅಭ್ಯಾಸ ಮುಗಿದ ಮೇಲೆ ಗೆಜ್ಜೆ ಬಿಚ್ಚಿ, ಪಟ್ಟಿಯ ಒಳಮೈಯನ್ನು ಮೊದಲು ಒರೆಸಿ, ಕಾಲಿಗೆ ತಾಗಿ ಬೆವರು ಹೀರುವುದು ಅದೇ. ಆಮೇಲೆ ಸಾಲು ಸಾಲಾಗಿ ಗೆಜ್ಜೆಗಳನ್ನು ಒರೆಸಿ. ಒಂದು ಗಂಟೆ ಬಟ್ಟೆಯ ಮೇಲೆ ಬಿಡಿಸಿಟ್ಟು ಆರಲು ಬಿಡಿ. ಕಿಲುಬು ಬಂದಿದ್ದರೆ ಹುಣಸೆಹಣ್ಣನ್ನು ತೀರ ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಿವುಚಿ, ಬಟ್ಟೆಯ ತುದಿಗೆ ಅಷ್ಟಿಷ್ಟು ತೆಗೆದುಕೊಂಡು ಒಂದೊಂದೇ ಗೆಜ್ಜೆಯನ್ನು ಬೆರಳಲ್ಲಿ ಹಿಡಿದು ಉಜ್ಜಿ. ಸೀಳಿನೊಳಗೆ ಹುಳಿ ಇಳಿಯದಂತೆ ಎಚ್ಚರವಿರಲಿ. ತಕ್ಷಣ ತೇವದ ಬಟ್ಟೆಯಿಂದ, ಮತ್ತೆ ಒಣ ಬಟ್ಟೆಯಿಂದ ಒರೆಸಿ. ಹುಳಿ ಉಳಿದರೆ ಕಿಲುಬು ಮೊದಲಿಗಿಂತ ಬೇಗ ಮರಳುತ್ತದೆ. ಹೊತ್ತು ಹಿಡಿಯುವ ಕೆಲಸ ಇದು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದರೆ ಅವರಿಗೂ ತಮ್ಮ ಗೆಜ್ಜೆಯ ಪರಿಚಯವಾಗುತ್ತದೆ.

ಒರೆಸುವಾಗಲೇ ಪ್ರತಿ ಗೆಜ್ಜೆಯನ್ನು ಮೆಲ್ಲಗೆ ಎಳೆದು ನೋಡಿ. ಲೋಹದ ಕೊಂಡಿ ಉಜ್ಜಿ ಉಜ್ಜಿ ದಾರ ಸವೆದಿರುತ್ತದೆ. ವೇದಿಕೆಯ ಮೇಲೆ ಕಳಚಿ ಬಿದ್ದ ಒಂದು ಗೆಜ್ಜೆಯನ್ನು ಬರಿಗಾಲಿನಲ್ಲಿ ತುಳಿದರೆ ಎಂಥ ನೋವಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಸಡಿಲವಾದದ್ದನ್ನು ಮೇಣ ಸವರಿದ ಗಟ್ಟಿ ದಾರದಿಂದ ಅಂದೇ ಹೊಲಿಸಿ. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಇದಕ್ಕೆ ಬೇಕಾದ ಸೂಜಿ, ದಾರ, ಕೈಚಳಕ ಎಲ್ಲವೂ ಇರುತ್ತದೆ.

ಗೆಜ್ಜೆ ಪೂಜೆ, ಆಯುಧ ಪೂಜೆಗಳಲ್ಲಿ ಗೆಜ್ಜೆಗೆ ಅರಿಶಿನ, ಕುಂಕುಮ, ಹೂವು ಏರಿಸುತ್ತೇವೆ. ಪೂಜೆ ಸಾಂಗವಾಗಿ ಆಗಲಿ. ಮರುದಿನ ಹೂವಿನ ಎಸಳು ಸಂದಿಯಲ್ಲಿ ಕೊಳೆಯದಂತೆ ತೆಗೆದು, ಒದ್ದೆ ಕುಂಕುಮ ಪಟ್ಟಿಗೆ ಇಳಿಯುವ ಮುನ್ನ ಒರೆಸಿ. ಶೂ ಮತ್ತು ಗೆಜ್ಜೆಯನ್ನು ಒಂದೇ ಚೀಲದಲ್ಲಿ ಇಡಬೇಡಿ. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟುವವರು ನಾವು, ಅದು ಒಂದು ಮಾತು. ಶೂವಿನ ತೇವ ಹಿತ್ತಾಳೆಗೆ ಹತ್ತುತ್ತದೆ ಎಂಬುದು ಇನ್ನೊಂದು.

ರಜೆಯಲ್ಲಿ ಎತ್ತಿಡುವಾಗ

ಆಷಾಢದ ಜಡಿಮಳೆಯಲ್ಲಿ ತರಗತಿಗಳು ವಾರಗಟ್ಟಲೆ ನಿಲ್ಲುವುದುಂಟು. ಆಗ ಶೂಗಳನ್ನು ನೆಲಕ್ಕೆ ತಾಗದಂತೆ, ಗೋಡೆಗೆ ಒತ್ತದಂತೆ ಎತ್ತರದ ಹಲಗೆಯಲ್ಲಿ ಬಟ್ಟೆಯ ಚೀಲದಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕುವುದಾದರೆ ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲೇ ಹಾಕಿ. ತೆರೆದ ಕಡೆ ಇಟ್ಟರೆ ಅದು ಇಡೀ ಕೋಣೆಯ ತೇವ ಹೀರಿ ಒಂದೆರಡು ದಿನಕ್ಕೆ ಕೈಚೆಲ್ಲುತ್ತದೆ. ಡಬ್ಬಿಗೆ ಹಾಕುವ ಶೂ ನಿಜವಾಗಿಯೂ ಒಣಗಿರಬೇಕು. ಹಿಂದಿನ ವರ್ಷ ಕೊಂಡ ಶೂ ಜೊತೆ ಬಂದ ಹಳೆಯ ಪೊಟ್ಟಣದಿಂದ ಉಪಯೋಗವಿಲ್ಲ, ಹೊಸದು ತನ್ನಿ. ನುಸಿಗುಳಿಗೆ ಹುಳುಗಳನ್ನು ದೂರವಿಡುತ್ತದೆಯೇ ಹೊರತು ತೇವ ಹೀರುವುದಿಲ್ಲ.

ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಟ್ಟು ಬೆಚ್ಚಗಿಡುವ ರೂಢಿ ಮಲೆನಾಡಿನ ಕೆಲವು ಮನೆಗಳಲ್ಲಿದೆ. ಹಳೆಯ ತಂತಿಯ ಬಲ್ಬಿನಿಂದ ಅದು ಆಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನಿಂದ ಸಾಕಷ್ಟು ಕಾವು ಬರುವುದಿಲ್ಲ. ಹಳೆಯ ಬಲ್ಬನ್ನೇ ಹಾಕುವವರು ಬಟ್ಟೆ, ಕಾಗದ ಅದಕ್ಕೆ ತಾಗದಂತೆ ದೂರವಿಡಿ, ಬೆಂಕಿಯ ಭಯವಿದೆ. ಅದಕ್ಕಿಂತ ವಾರಕ್ಕೊಮ್ಮೆ ಚೀಲ ಬಿಚ್ಚಿ, ಶೂ ಮತ್ತು ಗೆಜ್ಜೆಗೆ ಒಂದು ಗಂಟೆ ಫ್ಯಾನಿನ ಗಾಳಿ ಕೊಡುವುದು ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ದಾರಿ.

ಎಷ್ಟು ಜೋಪಾನ ಮಾಡಿದರೂ ಬದಲಿಸಬೇಕಾದ ದಿನ ಬರುತ್ತದೆ. ಹಿಮ್ಮಡಿ ಒಂದು ಕಡೆಗೆ ಸವೆದು ಶೂ ವಾಲುತ್ತಿದ್ದರೆ, ನಡುಭಾಗ ಕೈಯಿಂದ ಬಗ್ಗಿಸಿದಾಗ ತಡೆಯೇ ಇಲ್ಲದೆ ಮಡಚಿಕೊಂಡರೆ, ಪಾಯಿಂಟ್ ಶೂವಿನ ಮುಂಭಾಗ ಬೆರಳಿನಿಂದ ಒತ್ತಿದರೆ ಕುಸಿದರೆ, ಅದನ್ನು ಒಣಗಿಸಿ ಪ್ರಯೋಜನವಿಲ್ಲ. ಹಿಮ್ಮಡಿಯ ತುದಿಯ ರಬ್ಬರು ಮಾತ್ರ ಸವೆದಿದ್ದರೆ, ಅಟ್ಟೆಯ ಅಂಚು ಮಾತ್ರ ಬಿಟ್ಟಿದ್ದರೆ ರಿಪೇರಿ ಮಾಡಿಸಿ. ಮಕ್ಕಳ ಶೂಗಳಲ್ಲಿ ಇನ್ನೊಂದನ್ನೂ ನೋಡಬೇಕು: ಶೂ ಗಟ್ಟಿಯಾಗಿಯೇ ಇರುತ್ತದೆ, ಕಾಲು ಬೆಳೆದಿರುತ್ತದೆ. ಒಳಹಾಸು ಹೊರತೆಗೆದು ಅದರ ಮೇಲೆ ಮಗುವನ್ನು ನಿಲ್ಲಿಸಿ. ಬೆರಳು ಅಂಚಿಗೆ ಬಂದಿದ್ದರೆ ಶುಚಿ ಮಾಡಿ, ಒಣಗಿಸಿ, ಹೊಸ ಒಳಹಾಸು ಹಾಕಿ ತರಗತಿಯ ಇನ್ನೊಂದು ಚಿಕ್ಕ ಮಗುವಿಗೆ ಕೊಡಿ.